ಹೊಲದವರೋ, ಆಳೋ?

ನೆದರ್ಲೆಂಡ್ಸಿಗೆ ಹೋಗಿಬಂದೆನೆಂದರೆ ಹಾನಗಲ್ಲಿನಲ್ಲಿ ಎಲ್ಲರೂ ಮೊದಲು ಕೇಳುವುದು ಟ್ಯುಲಿಪ್ ಹೂವಿನ ಸುದ್ದಿ. ಹೂವು ನಾನು ನೋಡಿದ್ದು ರೈಲಿನ ಕಿಟಕಿಯಿಂದ, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಉಳಿದ ದಿನವೆಲ್ಲ ನೋಡಿದ್ದು ಒಂದು ಗೋಡೆಗೆ ಅಂಟಿಸಿದ ಹಳದಿ ಚೀಟಿಗಳನ್ನು. ಇದನ್ನು ಹೇಳಿದ ಕೂಡಲೇ ಕೇಳುವವರ ಮುಖ ಸಪ್ಪಗಾಗುತ್ತದೆ. ಅಷ್ಟು ದೂರ ಹೋಗಿ ಚೀಟಿ ನೋಡಿ ಬಂದಳಲ್ಲ ಎಂದು ನನಗಾಗಿ ಮರುಗುತ್ತಾರೆ. ಮರುಗಬೇಕಾಗಿಲ್ಲ. ಆ ಗೋಡೆಯ ಮುಂದೆ ನಕ್ಕಷ್ಟು, ನಾಚಿದಷ್ಟು ನಾನು ಬೇರೆಲ್ಲೂ ನಕ್ಕಿಲ್ಲ, ನಾಚಿಲ್ಲ.

ಶಿಗ್ಗಾಂವಿ, ಹೆದ್ದಾರಿಯ ಪಕ್ಕ

ಬೆಂಗಳೂರಿನ ಬಸ್ಸಿಗಾಗಿ ಶಿಗ್ಗಾಂವಿಯಲ್ಲಿ ಕಾಯುತ್ತ ನಿಂತವರು ಇಬ್ಬರು. ಒಬ್ಬಳು ನಾನು: ಹಿರೇಕೆರೂರು ತಾಲ್ಲೂಕಿನ ಹೆಣ್ಣುಮಕ್ಕಳ ಬೀಜ ಬೆಳೆಗಾರರ ಸಂಘವೊಂದರ ಕಾರ್ಯದರ್ಶಿ, ಮನೆ ಹಾನಗಲ್ಲಿನಲ್ಲಿ. ಇನ್ನೊಬ್ಬಳು ಅದೇ ಸಂಘದ ನೀಲವ್ವ, ಅಬಲೂರಿನ ಕಡೆಯವಳು, ಅರವತ್ತರ ಆಸುಪಾಸು. ನಮ್ಮ ಸಂಘದವರು ಬೆಳೆಯುವುದು ಹೈಬ್ರಿಡ್ ಟೊಮ್ಯಾಟೊ ಬೀಜ. ಇಳಿಹೊತ್ತಿನಲ್ಲಿ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ, ಚಿಮಟದಿಂದ ಗಂಡು ಕೇಸರ ಕಿತ್ತು, ಮರುದಿನ ಗಂಡು ಸಾಲಿನ ಹೂವಿನ ಪರಾಗ ಮುಟ್ಟಿಸಬೇಕು. ಈ ಕೆಲಸಕ್ಕೆ ನಮ್ಮಲ್ಲಿ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ನೀಲವ್ವ ಮುಟ್ಟಿಸಿದ ಹೂವು ಕಾಯಾಗದೆ ಉದುರುವುದು ಅಪರೂಪ.

ನಮ್ಮ ಬೀಜ ಕೊಳ್ಳುವ ಕಂಪನಿಗೆ ನೆದರ್ಲೆಂಡ್ಸಿನ ಒಂದು ಸಣ್ಣ ತಂಡ ಹೊಸ ತಂತ್ರಾಂಶ ಮಾಡಿಕೊಡುತ್ತಿತ್ತು. ಯಾವ ಬೀಜವನ್ನು ಯಾರು ಬೆಳೆದರು, ಯಾರ ಕೈ ಮುಟ್ಟಿತು ಎಂಬುದನ್ನೆಲ್ಲ ಅದರಲ್ಲಿ ಬರೆದಿಡಬೇಕು. ಹಿಂದಿನ ಹಂಗಾಮಿನಲ್ಲಿ ಅದರ ಪರೀಕ್ಷೆ ನಮ್ಮಲ್ಲಿಯೇ ನಡೆಯಿತು. ಪಕ್ಕಾ ಮಾಡುವ ಮೊದಲು ನಿಮ್ಮಲ್ಲಿ ಇಬ್ಬರು ಬಂದು ನೋಡಿಹೋಗಿ ಎಂದು ಕರೆ ಬಂತು. ಕಾಗದಪತ್ರ ತಿಳಿದವಳೆಂದು ನನ್ನನ್ನು, ಕೆಲಸ ತಿಳಿದವಳೆಂದು ನೀಲವ್ವನನ್ನು ಸಂಘ ಆರಿಸಿತು.

ಇಲ್ಲಿಯೇ ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಆ ಪರೀಕ್ಷೆಯ ಫಾರ್ಮಿನಲ್ಲಿ ಪ್ರತಿ ಸದಸ್ಯೆಯೂ 'ಫಾರ್ಮರ್' ಅಥವಾ 'ವರ್ಕರ್' ಆಗಬೇಕಿತ್ತು, ಎರಡರಲ್ಲಿ ಒಂದೇ. ಅದನ್ನು ಕನ್ನಡಕ್ಕೆ ಇಳಿಸಿದವಳು ನಾನು. ಎಲ್ಲರಿಗೂ ಸಲೀಸಾಗಿ ತಿಳಿಯಲೆಂದು 'ನೀವು ಹೊಲದವರೋ, ಆಳೋ?' ಎಂದು ಬರೆದೆ. ನಮ್ಮ ಕಡೆ ಹೊಲದವರೆಂದರೆ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರಿದೆಯೋ ಅವರು. ನೀಲವ್ವನಿಗೆ ಸ್ವಂತ ಹೊಲವಿಲ್ಲ. ಗೌಡರ ಒಂದು ಎಕರೆಯನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದು ಹದಿನಾಲ್ಕು ವರ್ಷದಿಂದ ಬೆಳೆ ತೆಗೆಯುತ್ತಿದ್ದಾಳೆ. ಪ್ರಾಮಾಣಿಕ ಹೆಂಗಸು. "ಹೊಲದವರು ಗೌಡ್ರರಿ. ನನ್ನ ಆಳು ಅಂತ ಬರಕೋರಿ" ಅಂದಳು. ಬರೆದುಕೊಂಡೆ. ಅವಳಂತೆಯೇ ಲಾವಣಿ ಮಾಡುವ ಇನ್ನೂ ಇಪ್ಪತ್ತು ಮಂದಿಯದೂ ಹಾಗೆಯೇ ಬರೆದೆ. ಮುಂದಿನ ಹಂಗಾಮಿಗೆ ಮೂಲಬೀಜ, ಅಂದರೆ ಗಂಡು ಸಾಲಿಗೂ ಹೆಣ್ಣು ಸಾಲಿಗೂ ಬಿತ್ತುವ ಬೀಜ, ಕೊಡುವುದು 'ಫಾರ್ಮರ್' ಎಂದು ಬರೆಸಿದವರಿಗೆ ಮಾತ್ರ ಎಂಬುದು ಆಮೇಲೆ ತಿಳಿಯಿತು.

ನನ್ನ ಒಂದು ಶಬ್ದದಿಂದ ಇಡೀ ತಾಲ್ಲೂಕಿನ ಅತಿ ಒಳ್ಳೆಯ ಬೆಳೆಗಾರ್ತಿಯ ಹೆಸರು ಪಟ್ಟಿಯಿಂದ ಹಾರಿಹೋಗಿತ್ತು. ತಿದ್ದಿರೆಂದು ಆ ತಂಡಕ್ಕೆ ಬರೆದು ಕೇಳಿದರೆ 'ನಮ್ಮ ಮಾಡೆಲ್ ಇರುವುದೇ ಹಾಗೆ, ಬಂದಾಗ ಮಾತಾಡೋಣ' ಎಂಬ ಉತ್ತರ. ನೀಲವ್ವನಿಗೆ ನಾನು ಏನೂ ಹೇಳಿರಲಿಲ್ಲ. ಅವಳು ರೊಟ್ಟಿ, ಶೇಂಗಾ ಚಟ್ನಿ, ಸವಣೂರಿನ ಕುರುಕಲು ಖಾರಾ, ಎಲೆ-ಅಡಿಕೆ ಎಲ್ಲ ಕಟ್ಟಿಕೊಂಡು ಮದುವೆಗೆ ಹೊರಟವಳ ಹಾಗೆ ನಿಂತಿದ್ದಳು. ನನ್ನನ್ನು ಅವಳು 'ಬಾಯಾರ', ಅಂದರೆ ಅಮ್ಮಾವ್ರೇ, ಎಂದೇ ಕರೆಯುವುದು.

"ಬಾಯಾರ, ಆ ದೇಶದಾಗ ಎಲಿ ಸಿಗ್ತಾವೇನ್ರಿ?"

"ಇಲ್ಲ ಅಂತ ಕಾಣಸ್ತದ, ನೀಲವ್ವ."

"ಅದಕ್ಕ ನಿನ್ನೆನ ಸವಣೂರಿಗೆ ಬಂದು ವಸ್ತಿ ಮಾಡಿ ಒಂದು ದೊಡ್ಡ ಕಟ್ಟು ತಂದೇನಿ. ನಿಮಗೂ ಆಗ್ತಾವ, ಅವರಿಗೂ ಆಗ್ತಾವ."

ನಾನು ಬಸ್ಸು ಬಂತೇನೋ ಎಂಬಂತೆ ರಸ್ತೆಯ ಆಚೆ ನೋಡಿದೆ.

ಎರಡು ವಿಮಾನ ನಿಲ್ದಾಣ

ಬೆಂಗಳೂರಿನಲ್ಲಿ ನೀಲವ್ವನ ಕೈಚೀಲ ಯಂತ್ರದೊಳಗೆ ಹೋಗಿ ಹೊರಬಂದ ಮೇಲೆ ಒಬ್ಬ ತಪಾಸಣೆಯವರು ಅದನ್ನು ಬದಿಗೆ ಎಳೆದುಕೊಂಡರು. ಒಳಗಿನಿಂದ ಚಿಮಟ ಬಂತು. ಅವಳು ಅದನ್ನು ಬಿಟ್ಟು ಎಲ್ಲಿಗೂ ಹೋಗುವವಳಲ್ಲ.

"ಏನಮ್ಮಾ ಇದು? ಯಾಕೆ?"

"ಗಂಡು ಕೀಳಾಕ್ರಿ."

ಅವರು ನನ್ನ ಮುಖ ನೋಡಿದರು. ನೀಲವ್ವನೇ ಸಮಾಧಾನ ಮಾಡಿದಳು: "ಅಂಜಬ್ಯಾಡ್ರಿ ಸಾಹೇಬ್ರ, ಹೂವಿಂದರಿ." ಹಿಂದೆ ನಿಂತಿದ್ದ ಇಡೀ ಸಾಲು ನಕ್ಕಿತು. ಅವರು ಚಿಮಟವನ್ನು ತಿರುಗಿಸಿ ಮುರುಗಿಸಿ ನೋಡಿ ಚೀಲದೊಳಗೆ ಹಾಕಿಕೊಟ್ಟರು.

ಆಮ್‌ಸ್ಟರ್‌ಡ್ಯಾಮಿನಲ್ಲಿ ಸಿಕ್ಕಿಬಿದ್ದದ್ದು ಎಲೆಯ ಕಟ್ಟು. ಹಸಿ ಎಲೆ ಒಳಗೆ ಬಿಡುವಂತಿಲ್ಲ ಎಂದು ಅಲ್ಲಿನ ಅಧಿಕಾರಿ ಬಹಳ ಸೌಜನ್ಯದಿಂದ ಹೇಳಿ ಕಸದ ಡಬ್ಬಿ ತೋರಿಸಿದ. ನೀಲವ್ವ ನನ್ನ ಕಡೆ ತಿರುಗಿ, "ಒಗಿಯೂದಾದ್ರ ಒಗೀಲಿ. ಆದ್ರ ಒಂದರ ಬಾಯಾಗ ಹಾಕ್ಕೊಂಡು ನೋಡಿ ಒಗೀ ಅನ್ರಿ. ಸವಣೂರ ಎಲಿ ಐತಿ, ಸುಮ್ಮನ ಒಗದ್ರ ಪಾಪ ಹತ್ತತೈತಿ" ಅಂದಳು. ನಾನು ಇಂಗ್ಲಿಷಿನಲ್ಲಿ ಪಾಪವನ್ನು ಬಿಟ್ಟು ಉಳಿದದ್ದನ್ನು ಹೇಳಿದೆ. ಅವನು ತಿನ್ನಲಿಲ್ಲ. ಆದರೆ ಡಬ್ಬಿಗೆ ಹಾಕುವ ಮೊದಲು ಒಂದು ಎಲೆಯನ್ನು ಮೂಗಿನ ಹತ್ತಿರ ಹಿಡಿದು ಮೂಸಿದ. ಅಷ್ಟಕ್ಕೇ ನೀಲವ್ವನಿಗೆ ಅವನ ಮೇಲಿದ್ದ ಸಿಟ್ಟು ಇಳಿಯಿತು.

ಕಾಲುವೆಯ ಊರು

ನಾವು ಉಳಿದ ಊರಿನ ನಡುವೆ ಕಾಲುವೆ, ಎರಡೂ ಬದಿಗೆ ಇಟ್ಟಿಗೆಯ ಮನೆಗಳು. ಮನೆಗಳ ದೊಡ್ಡ ದೊಡ್ಡ ಕಿಟಕಿಗೆ ಪರದೆಯೇ ಇಲ್ಲ. ಒಳಗೆ ಕೂತವರ ಊಟ, ಓದು, ಆಕಳಿಕೆ ಎಲ್ಲ ಬೀದಿಗೆ ಕಾಣುತ್ತದೆ. ಆದರೆ ದಾರಿಹೋಕರು ಯಾರೂ ಒಳಗೆ ನೋಡುವುದಿಲ್ಲ, ಅದು ಅಲ್ಲಿಯ ರೀತಿ. ನೀಲವ್ವ ಪ್ರತಿ ಕಿಟಕಿಯ ಮುಂದೂ ನಿಂತು ನೋಡಿದಳು. "ನೋಡಬಾರದು ನೀಲವ್ವ" ಎಂದರೆ "ನೋಡಬಾರದಿದ್ರ ಪಡದೆ ಹಾಕ್ಕೋತಿದ್ರಿಲ್ಲರಿ?" ಎಂಬ ಪ್ರಶ್ನೆ. ಒಂದು ಮನೆಯ ಮುದುಕರು ಒಳಗಿನಿಂದಲೇ ಕೈ ಬೀಸಿದರು. ಇವಳೂ ಬೀಸಿದಳು. ಮೂರನೆಯ ದಿನದ ಹೊತ್ತಿಗೆ ಅವರಿಬ್ಬರೂ ಗಾಜಿನ ಆಚೆ ಈಚೆ ನಿಂತು ತಮ್ಮ ತಮ್ಮ ಭಾಷೆಯಲ್ಲಿ ಕ್ಷೇಮಸಮಾಚಾರ ಕೇಳಿಕೊಳ್ಳುತ್ತಿದ್ದರು.

ಸೈಕಲ್ಲುಗಳದು ಬೇರೆ ಕಥೆ. ಅವಕ್ಕೆ ಕೆಂಪು ಬಣ್ಣದ ಪ್ರತ್ಯೇಕ ದಾರಿ ಇದೆ. ಅದರ ಮೇಲೆ ನಡೆಯುವುದು ಮಹಾಪರಾಧ ಎಂಬುದು ತಿಳಿಯುವ ಮೊದಲೇ ನಾನು ನಡುವೆ ನಿಂತು ಫೋಟೊ ತೆಗೆಯಹೋದೆ. ಗಂಟೆ ಬಾರಿಸುತ್ತ ಬಂದ ಅಜ್ಜಿಯೊಬ್ಬಳಿಗೆ ದಾರಿ ಬಿಡಲು ಹೋಗಿ ಹುಲ್ಲಿನ ಮೇಲೆ ಕೂತೇಬಿಟ್ಟೆ. ಅಜ್ಜಿ ನಿಲ್ಲಲಿಲ್ಲ. ಗಾಳಿಗೆ ಹಾರುವ ಸೆರಗನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದ ನೀಲವ್ವನಿಗೆ ನನ್ನನ್ನು ಎಬ್ಬಿಸಲು ಮೂರನೆಯ ಕೈ ಇರಲಿಲ್ಲ. ಊರಾಚೆಯ ಗಾಳಿಗಿರಣಿಯನ್ನು ನೋಡಿ ಅವಳು ಸುತ್ತು ಹಾಕಿ, ಏಳೆಂಟು ಜನ ಸೇರಿ ತಬ್ಬಬೇಕಾದ ಸವಣೂರಿನ ದೊಡ್ಡಹುಣಸೆ ಮರಕ್ಕಿಂತ ಇದರ ಬುಡ ದಪ್ಪ ಎಂದು ಒಪ್ಪಿಕೊಂಡಳು. ಎತ್ತರವನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ.

ಎರಡನೆಯ ದಿನ, ಗೋಡೆ

ತಂಡದಲ್ಲಿ ನಮಗೆ ಬೇಕಾದವರು ಇಬ್ಬರು. ಹನ್ನೆಕೆ ಎಂಬ ಎತ್ತರದ ಹೆಂಗಸು ನಕ್ಷೆ ಮಾಡುವವಳು. ಯಾನ್ ಎಂಬ ಕೆಂಪುಗಡ್ಡದವನು ಆ ನಕ್ಷೆಯ ಪ್ರಕಾರ ಕೋಡ್ ಬರೆಯುವವನು. ಹನ್ನೆಕೆ ಕಾಫಿ ಕೊಟ್ಟಳು, ಬಿಸ್ಕತ್ತಿನ ಡಬ್ಬಿ ತೆರೆದು ಎಲ್ಲರ ಮುಂದೆ ಹಿಡಿದಳು, ಒಬ್ಬೊಬ್ಬರು ಒಂದೊಂದು ತೆಗೆದುಕೊಂಡ ಕೂಡಲೇ ಟಪ್ಪೆಂದು ಮುಚ್ಚಿಟ್ಟಳು. "ಮುಚ್ಚಿದ್ರಲ್ರಿ ಬಾಯಾರ!" ಎಂದು ನೀಲವ್ವ ನನ್ನ ಕಿವಿಯಲ್ಲಿ ಹೇಳಿ, ತನ್ನ ಖಾರಾದ ಪೊಟ್ಟಣ ಬಿಚ್ಚಿ ಮೇಜಿನ ನಡುವೆ ಇಟ್ಟಳು. ಅದು ವಾರವಿಡೀ ಮುಚ್ಚಲಿಲ್ಲ. ಯಾನ್ ಮೊದಲ ಹಿಡಿ ತಿಂದು ಕಣ್ಣೀರು ಸುರಿಸಿದ, ಎರಡನೆಯದಕ್ಕೆ ತಾನಾಗಿಯೇ ಕೈ ಚಾಚಿದ.

ಗೋಡೆಯ ತುಂಬ ಹಳದಿ ಚೀಟಿ, ಚೀಟಿಯಿಂದ ಚೀಟಿಗೆ ಗೆರೆ. ಹನ್ನೆಕೆ ವಿವರಿಸಿದಳು: ಮನೆ ಕಟ್ಟುವ ಮೊದಲು ನಕ್ಷೆ ತೆಗೆಯುವಂತೆ, ತಂತ್ರಾಂಶ ಬರೆಯುವ ಮೊದಲು ನಿಮ್ಮ ಕೆಲಸದ ಲೋಕದಲ್ಲಿ ಏನೇನಿದೆ, ಯಾವುದಕ್ಕೂ ಯಾವುದಕ್ಕೂ ಏನು ನಂಟು ಎಂದು ಬರೆದುಕೊಳ್ಳುತ್ತೇವೆ. ಒಂದೊಂದು ವಸ್ತುವೂ ಒಂದು ಆಬ್ಜೆಕ್ಟ್. ಒಂದೇ ಥರದ ಆಬ್ಜೆಕ್ಟುಗಳೆಲ್ಲ ಸೇರಿ ಒಂದು ಕ್ಲಾಸ್. ಈ ಕ್ಲಾಸ್ ಎಂಬುದನ್ನು ನಾನು ಅವಸರದಲ್ಲಿ 'ಜಾತಿ' ಎಂದು ಕನ್ನಡ ಮಾಡಿದೆ.

ನೀಲವ್ವ ಸರಿದು ಕೂತಳು. "ಇಲ್ಲೂ ಜಾತಿ ಬರಸ್ಕೋತಾರೇನ್ರಿ?"

"ಅಲ್ಲಲ್ಲ, ಆ ಜಾತಿ ಅಲ್ಲ. ಬಗಿ ಅಂತ ತಿಳ್ಕೋರಿ. ಹೂವು ಒಂದು ಬಗಿ, ಬೀಜ ಒಂದು ಬಗಿ."

ಗೋಡೆಯ ನಡುವೆ 'ವ್ಯಕ್ತಿ' ಎಂಬ ಚೀಟಿ, ಅದರ ಕೆಳಗೆ ಕವಲೊಡೆದು 'ಫಾರ್ಮರ್', 'ವರ್ಕರ್'. ಒಬ್ಬರು ಒಂದು ಹೊತ್ತು ಫಾರ್ಮರ್, ಇನ್ನೊಂದು ಹೊತ್ತು ವರ್ಕರ್ ಆಗಬಹುದೇ ಎಂದು ನಾನು ಹುಷಾರಾಗಿ ಕೇಳಿದೆ. ಯಾನ್ ತಲೆಯಲ್ಲಾಡಿಸಿದ. ಈ ಮಾಡೆಲಿನಲ್ಲಿ ಒಂದು ಆಬ್ಜೆಕ್ಟ್ ಯಾವ ಕ್ಲಾಸಿನಲ್ಲಿ ಹುಟ್ಟಿತೋ ಕೊನೆಯವರೆಗೂ ಅದರಲ್ಲಿಯೇ ಇರುತ್ತದೆ, ನಡುವೆ ಬದಲಾಯಿಸಲು ಬರುವುದಿಲ್ಲ ಎಂದ. ಅದನ್ನು ನೀಲವ್ವನಿಗೆ ಹೇಳಿದೆ.

"ಹುಟ್ಟಿದ್ದರಾಗ ಸಾಯೂ ತನಕ ಇರಬೇಕಂತೇನ್ರಿ? ಹಂಗಾರ ನೀವು ಮೊದಲ ಹೇಳಿದ್ದ ಖರೇರಿ. ಅದು ಜಾತಿನ."

ನನಗೆ ನಮ್ಮಜ್ಜ ನೆನಪಾದರು. ಅವರು ಹಾನಗಲ್ಲಿನ ಮನೆಯ ಪಡಸಾಲೆಯಲ್ಲಿ ತರ್ಕ ಪಾಠ ಹೇಳುತ್ತಿದ್ದರು. ಘಟ, ಪಟ ಎಂದು ಶುರುವಾದರೆ ನಾನು ಕಂಬಕ್ಕೊರಗಿ ನಿದ್ದೆ ಮಾಡುತ್ತಿದ್ದೆ. ಒಂದು ಮಾತು ಮಾತ್ರ ನಿದ್ದೆಯಲ್ಲೂ ಕಿವಿಗೆ ಬಿದ್ದಿತ್ತು: 'ಅಡಿಗಿ ಮಾಡೂ ಮುಂದ ಅವ ಅಡಿಗಿಯವ. ಊಟಕ್ಕ ಕೂತಾಗ ಅಲ್ಲ. ಮನುಷ್ಯ ಒಬ್ಬನ, ಉಪಾಧಿ ಬ್ಯಾರೆ.' ಉಪಾಧಿ ಎಂದರೆ ಆ ಹೊತ್ತಿಗೆ ಅಂಟಿದ ಗುರುತು. ಗೋಡೆಯ ಮೇಲಿನ ತಪ್ಪು ಇದೇ ಎಂದು ನನಗೆ ಹೊಳೆಯಿತು. ಆದರೆ ಬಾಯಿ ಬಿಟ್ಟರೆ ಫಾರ್ಮಿನ ಕಥೆ ಹೊರಬರುತ್ತದೆ, ನೀಲವ್ವ ಪಕ್ಕದಲ್ಲೇ ಕೂತಿದ್ದಾಳೆ. ಹೇಡಿಯ ಹಾಗೆ ಇನ್ನೊಂದು ಕಾಫಿ ಕೇಳಿ ಸುಮ್ಮನಾದೆ.

ಮೂರನೆಯ ದಿನ, ಗಾಜಿನ ಮನೆ

ಮರುದಿನ ನಮ್ಮನ್ನು ಟೊಮ್ಯಾಟೊ ಬೆಳೆಯುವ ಗಾಜಿನ ಮನೆಗೆ ಕರೆದೊಯ್ದರು. ಹೊಲವೆಂದರೆ ಹೊಲವಲ್ಲ, ಮಣ್ಣೇ ಇಲ್ಲ. ಗಿಡಗಳು ದಾರಕ್ಕೆ ಜೋತುಬಿದ್ದು ಚಾವಣಿಯವರೆಗೆ ಹೋಗಿದ್ದವು. ಅಲ್ಲಲ್ಲಿ ರಟ್ಟಿನ ಪೆಟ್ಟಿಗೆ ಇಟ್ಟಿದ್ದರು, ಅದರಿಂದ ದುಂಬಿಗಳು ಹೊರಟು ಹೂವಿನಿಂದ ಹೂವಿಗೆ ಹೋಗುತ್ತಿದ್ದವು. ಇಲ್ಲಿ ಪರಾಗ ಮುಟ್ಟಿಸುವುದು ಇವೇ ಎಂದು ಹನ್ನೆಕೆ ಹೇಳಿದಳು. ನೀಲವ್ವ ಒಂದು ದುಂಬಿಯ ಹಿಂದೆ ಇಡೀ ಸಾಲು ನಡೆದು ಅದರ ಕೆಲಸ ತಪಾಸಣೆ ಮಾಡಿ ಬಂದಳು.

"ಕೆಲಸ ಚಲೋ ಐತಿ. ಬಾಯಾರ, ಈ ದುಂಬಿ ಹೊಲದವರೋ, ಆಳೋ? ಏನಂತ ಬರಕೋತಾರ್ರಿ?"

ತಮಾಷೆಗೆ ಕೇಳಿದ್ದು. ನನ್ನದೇ ಪ್ರಶ್ನೆ, ನನ್ನದೇ ಶಬ್ದ. ನನಗೆ ಇನ್ನು ತಡೆಯಲಾಗಲಿಲ್ಲ. ಎರಡು ಸಾಲುಗಳ ನಡುವೆ ನಿಂತು ಎಲ್ಲ ಹೇಳಿಬಿಟ್ಟೆ: ಶಬ್ದ ತಪ್ಪಿದ್ದು, 'ಆಳು' ಎಂದು ಬರೆಸಿದ್ದರಿಂದ ಅವಳಿಗೆ ಮೂಲಬೀಜ ಸಿಗದಂತಾದದ್ದು, ಇಷ್ಟು ದಿನ ನಾನು ಮುಚ್ಚಿಟ್ಟದ್ದು. ಕೊನೆಕೊನೆಗೆ ಅಳು ಬಂತು.

ನೀಲವ್ವ ಹತ್ತಿರದ ಗಿಡದ ಒಂದು ಹಳದಿ ಎಲೆ ಚಿವುಟಿದಳು.

"ಇದನ್ನ ಹೇಳಾಕ ಏಳು ಸಮುದ್ರ ದಾಟಿಸಿ ಕರಕೊಂಡು ಬಂದ್ರೇನ್ರಿ? ಹಿರೇಕೆರೂರಾಗ ಹೇಳಿದ್ರ ನಡೀತಿರಲಿಲ್ಲ?"

"ತಪ್ಪಾತು ನೀಲವ್ವ."

"ಆತು. ಕಣ್ಣು ಒರಸ್ಕೋರಿ, ಆಕಿ ನೋಡಾಕತ್ತಾಳ." ಆಮೇಲೆ ದನಿ ಗಟ್ಟಿ ಮಾಡಿ ಅಂದಳು: "ನಾ ಆಳಲ್ರಿ. ಆಳಾಗಿ ಹೋಗ್ತೇನಿ, ಅದು ಬ್ಯಾರೆ. ಗೌಡರ ಪೀಕಿಗೂ ಹೋಗ್ತೇನಿ, ಮಂದೀ ಪೀಕಿಗೂ ಹೋಗ್ತೇನಿ. ಮನಿಗೆ ಬರೂದು ನೀಲವ್ವಾಗೇ ಬರ್ತೇನಿ. ನಾಳೆ ಆ ಗ್ವಾಡಿ ಮುಂದ ನನ್ನ ನಿಂದರಸ್ರಿ."

ನಾಲ್ಕನೆಯ ದಿನ, ಎರಡು ಕುರ್ಚಿ

ಅಂದು ಆಫೀಸಿನಲ್ಲಿ ಒಬ್ಬರ ಹುಟ್ಟುಹಬ್ಬ. ಅಲ್ಲಿಯ ರೀತಿಯೆಂದರೆ ಹುಟ್ಟಿದವರಿಗಷ್ಟೇ ಅಲ್ಲ, ಸುತ್ತ ಕೂತ ಎಲ್ಲರಿಗೂ 'ನಿಮ್ಮವರ ಹುಟ್ಟುಹಬ್ಬಕ್ಕೆ ಅಭಿನಂದನೆ' ಎಂದು ಕೈ ಕುಲುಕುತ್ತಾರೆ. ನೀಲವ್ವನ ಕೈಯನ್ನೂ ಏಳೆಂಟು ಜನ ಕುಲುಕಿದರು. ಅವಳಿಗೆ ಇದು ತುಂಬ ಹಿಡಿಸಿತು, ಇವರಿಗೆ ಸಂಬಂಧ ತಿಳಿಯುತ್ತದೆ, ಹೇಳಿದರೆ ಕೇಳುವ ಮಂದಿ ಎಂದು ತೀರ್ಮಾನಿಸಿದಳು.

ಕೇಕು ತಿಂದ ಮೇಲೆ ಹನ್ನೆಕೆ ಒಂದು ಆಟ ಹೂಡಿದಳು. ನಕ್ಷೆ ಸರಿಯಿದೆಯೇ ಎಂದು ಪರೀಕ್ಷಿಸಲು ಒಬ್ಬೊಬ್ಬರು ಒಂದೊಂದು ಚೀಟಿ ಹಿಡಿದು ಆ ವಸ್ತುವೇ ಆಗಬೇಕು, ಹೊಲದ ಒಂದು ದಿನವನ್ನು ನಟಿಸಬೇಕು. ಯಾನ್ ಹೊಲವಾದ. ನಾನು ಬೀಜದ ಚೀಲವಾದೆ. ಎರಡು ಕುರ್ಚಿ ಇಟ್ಟು ಒಂದಕ್ಕೆ 'ಫಾರ್ಮರ್', ಇನ್ನೊಂದಕ್ಕೆ 'ವರ್ಕರ್' ಚೀಟಿ ಅಂಟಿಸಿದರು. ನೀಲವ್ವ ಒಂದನ್ನು ಆರಿಸಿಕೊಂಡು ಕೂರಬೇಕು.

"ಬೆಳಿಗ್ಗೆ. ಈ ಬೆಳೆ ಯಾರದು?" ಎಂದು ಹನ್ನೆಕೆ ಕೇಳಿದಳು.

"ನಂದ್ರಿ" ಎಂದು ನೀಲವ್ವ ಫಾರ್ಮರ್ ಕುರ್ಚಿಯಲ್ಲಿ ಕೂತಳು.

"ಹೂವಿಗೆ ಪರಾಗ ಮುಟ್ಟಿಸುವವರು ಯಾರು?"

"ನಾನ್ರಿ" ಎಂದು ಎದ್ದು ವರ್ಕರ್ ಕುರ್ಚಿಗೆ ಹೋದಳು.

"ಅವರು ಸರಿಯಾಗಿ ಮಾಡಿದರೇ ಎಂದು ನೋಡುವವರು?"

"ಮತ್ತ ನಾನರಿ." ಮತ್ತೆ ಈ ಕುರ್ಚಿ. "ಪಕ್ಕದ ಹೊಲದಲ್ಲಿ ಕೆಲಸ ಮಾಡುವವರು?" ಮತ್ತೆ ಆ ಕುರ್ಚಿ. ಹೀಗೆ ಐದಾರು ಸಲ ಆಯಿತು. ಒಂದರಲ್ಲಿ ಕೂರಬೇಕು, ಅದೇ ನಿಯಮ ಎಂದು ಯಾನ್ ಹೊಲವಾಗಿ ನಿಂತಲ್ಲಿಂದಲೇ ಕೂಗಿದ. ನೀಲವ್ವ ಸೆರಗು ಸಿಕ್ಕಿಸಿ, ಎರಡೂ ಕುರ್ಚಿ ಹತ್ತಿರ ಎಳೆದು, ಅರ್ಧ ಅದರ ಮೇಲೆ ಅರ್ಧ ಇದರ ಮೇಲೆ ಕೂತು, "ಈಗ ಕೇಳ್ರಿ" ಅಂದಳು. ನೆಲ ನುಣುಪು, ಕುರ್ಚಿಗೆ ಗಾಲಿ. ಎರಡೂ ಎರಡು ದಿಕ್ಕಿಗೆ ಓ ಎಂದು ಓಡಿದವು. ಬೀಳುವವಳನ್ನು ಹೊಲವೇ ಓಡಿಬಂದು ಹಿಡಿಯಿತು. ನಗು ತಡೆಯಲಾಗದೆ ಹನ್ನೆಕೆ ಗೋಡೆಗೆ ಆತುಕೊಂಡಳು.

ನೀಲವ್ವ ನಗಲಿಲ್ಲ. ನಿಂತುಕೊಂಡೇ ಬೆರಳು ಮಡಚಿ ಹೇಳಿದಳು: "ಬಾಯಾರ, ನಾ ಹೇಳಿದ್ದನ್ನ ಇದ್ದದ್ದಿದ್ದಂಗ ಹೇಳ್ರಿ, ಈ ಸಲ ನಿಮ್ಮ ಶಬ್ದ ಹಾಕಬ್ಯಾಡ್ರಿ. ಹೊಲ ಗೌಡರದು. ಪೀಕು ನಂದು. ಕೈ ಹತ್ತು ಮಂದೀದು. ಮೂರೂ ಬ್ಯಾರೆ ಬ್ಯಾರೆ ಅದಾವ. ನೀವು ಯಾರ ಅಂತ ಕೇಳಬ್ಯಾಡ್ರಿ. ಈ ಹೊಲ ಯಾರದು, ಈ ಪೀಕು ಯಾರದು, ಈ ಕೈ ಯಾರದು, ಇಷ್ಟ ಕೇಳ್ರಿ."

ಪೀಕು ಎಂದರೆ ಬೆಳೆ. ನಾನು ಒಂದಕ್ಷರ ಕೂಡಿಸದೆ, ಬಿಡದೆ ಹೇಳಿದೆ. ಹೇಳುವಾಗಲೇ, ಫಾರ್ಮಿನಲ್ಲಿ ಆಗಿದ್ದು ನನ್ನ ತಪ್ಪು ಎಂದೂ ಹೇಳಿದೆ. ಹನ್ನೆಕೆ ನಗು ನಿಲ್ಲಿಸಿ ಗೋಡೆಯನ್ನೇ ನೋಡುತ್ತ ನಿಂತಳು. ತಪ್ಪು ಶಬ್ದದ್ದಷ್ಟೇ ಅಲ್ಲ, ಒಂದನ್ನೇ ಆರಿಸಿ ಎಂದು ಕೇಳಿದ್ದು ನಾವು ಎಂದಳು. 'ವ್ಯಕ್ತಿ' ಚೀಟಿಯಿಂದ 'ಹೊಲ'ಕ್ಕೆ ಒಂದು ಗೆರೆ ಎಳೆದಳು, 'ಬೆಳೆ'ಗೆ ಒಂದು, 'ಕೆಲಸ'ಕ್ಕೆ ಒಂದು. ಕೆಳಗಿನ ಎರಡು ಚೀಟಿಗೆ ಈಗ ಗೋಡೆಯ ಮೇಲೆ ಕೆಲಸವೇ ಉಳಿದಿರಲಿಲ್ಲ.

ಯಾನ್ ಗಡ್ಡ ಕೆರೆದುಕೊಂಡ. ಇದನ್ನು ಬದಲಾಯಿಸಿದರೆ ತನ್ನ ಮೂರು ವಾರದ ಕೆಲಸ ನೀರುಪಾಲು ಎಂದ. ನೀಲವ್ವನಿಗೆ ಅವನ ಮೇಲೆ ಕರುಣೆ ಬಂತು. "ಅವನಿಗೆ ಹೇಳ್ರಿ, ಈ ಕೆಲಸ ಮುಯ್ಯಿ ಅಂತ ಮಾಡಪಾ ಅಂತ. ಅವ ನಮ್ಮೂರಿಗೆ ಬಂದಾಗ ಮೂರು ವಾರ ನಾ ಅವನ ಕೆಲಸಕ್ಕ ಬರ್ತೇನಿ."

ಮುಯ್ಯಿ ಎಂದರೇನೆಂದು ಹನ್ನೆಕೆ ಕೇಳಿದಳು. ಕೂಲಿಯಿಲ್ಲದೆ ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ ಎಂದು ವಿವರಿಸಿದೆ. 'ಕೆಲಸ'ದ ಪಕ್ಕದಲ್ಲಿ ಅವಳು 'ಕೂಲಿ' ಎಂದು ಒಂದು, 'ಮುಯ್ಯಿ' ಎಂದು ಒಂದು ಚೀಟಿ ಅಂಟಿಸಿದಳು. 'ಯ್ಯಿ' ಬರೆಯುವುದು ಹೇಗೆಂದು ನನ್ನಿಂದ ಕೇಳಿ ಕನ್ನಡದಲ್ಲಿಯೇ ಬರೆದಳು. ಯಾನ್ ಇನ್ನೊಂದು ಹಿಡಿ ಖಾರಾ ಬಾಯಿಗೆ ಹಾಕಿಕೊಂಡು, ಎದ್ದುಹೋಗಿ, 'ಫಾರ್ಮರ್', 'ವರ್ಕರ್' ಚೀಟಿ ಎರಡನ್ನೂ ತಾನೇ ಕಿತ್ತ.

ಹಿರೇಕೆರೂರು, ಗೋದಾಮು

ಹಂಗಾಮು ಬಂತು. ಮೂಲಬೀಜ ಹಂಚುವ ದಿನ ಬೆಳಿಗ್ಗೆಯೇ ಹಿರೇಕೆರೂರಿನ ಗೋದಾಮಿನ ಮುಂದೆ ಹೆಣ್ಣುಮಕ್ಕಳ ಸಾಲು. ಹೊಸ ತಂತ್ರಾಂಶವಿದ್ದ, ಚೀಟಿ ಮುದ್ರಿಸುವ ಪುಟ್ಟ ಯಂತ್ರ ನನ್ನ ಕೈಯಲ್ಲಿ. ಎಲ್ಲವನ್ನೂ ಬದಲಾಯಿಸಿದ್ದೇವೆಂದು ಹನ್ನೆಕೆ ಬರೆದಿದ್ದಳು. ಆದರೆ ಯಾರ ಹೆಸರಿಗೆ ಬೀಜದ ಚೀಟಿ ಹೊರಬರುತ್ತದೆಂಬುದನ್ನು ಆ ದಿನದವರೆಗೂ ಯಾರೂ ನೋಡಿರಲಿಲ್ಲ.

ನೀಲವ್ವನ ಪಾಳಿ ಬಂತು. ಹೊಲ ಯಾರದು? ಗೌಡರ ಹೆಸರು ಬರೆದೆ. ಪೀಕು ಯಾರದು? ನೀಲವ್ವ. ಕೈ ಯಾರದು ಎಂದು ಕೇಳಿದಾಗ ಅವಳು ಮೊದಲು ಹೇಳಿದ ಹೆಸರು "ಶಾಂತವ್ವ ಗೌಡ್ತಿ".

ಸಾಲಿನಲ್ಲಿದ್ದವರೆಲ್ಲ ಹಿಂದೆ ತಿರುಗಿ ನೋಡಿದರು. ಶಾಂತವ್ವ ಆ ಹೊಲದ ಗೌಡರ ಹೆಂಡತಿ. ನಾಲ್ಕು ಜನರ ಹಿಂದೆ ಅಲ್ಲಿಯೇ ನಿಂತಿದ್ದರು. ಅವರ ಪೀಕಿಗೆ ನೀಲವ್ವ ಹೋಗುತ್ತಾಳೆ, ನೀಲವ್ವನ ಪೀಕಿಗೆ ಅವರು ಬರುತ್ತಾರೆ. ಇದು ಎಲ್ಲರಿಗೂ ಗೊತ್ತು, ಆದರೆ ಹೀಗೆ ಬರೆದದ್ದನ್ನು ಯಾರೂ ಕಂಡಿರಲಿಲ್ಲ. ನಾನು ಮೆಲ್ಲಗೆ, "ಅದೊಂದು ಹೆಸರು ಬಿಡೂಣೇನ್ರಿ?" ಅಂದೆ.

"ಯಾಕ ಬಿಡ್ತೀರಿ?" ಶಾಂತವ್ವನವರ ದನಿ ಹಿಂದಿನಿಂದ ಬಂತು. "ಹೋದ ವರ್ಷ ಹದಿನೆಂಟು ದಿನ ಹೋಗೇನಿ. ಖರೇ ಐತಿ, ಬರೀರಿ. ಕೂಲಿ ಅಂತ ಮಾತ್ರ ಬರೀಬ್ಯಾಡ್ರಿ, ಮುಯ್ಯಿ ಅಂತ ಬರೀರಿ."

ಮುಯ್ಯಿ ಎಂಬುದನ್ನು ಒತ್ತಿದೆ. ಪುಟ್ಟ ಯಂತ್ರ ಒಂದು ಕ್ಷಣ ಯೋಚಿಸಿ ಚೀಟಿ ಹೊರಗೆ ಹಾಕಿತು. ನೀಲವ್ವ ಅದನ್ನು ತೆಗೆದುಕೊಂಡು, ಮೇಲೆ ಕೆಳಗೆ ನೋಡಿ, ನನ್ನ ಕೈಗೇ ಕೊಟ್ಟಳು.

"ಓದ್ರಿ."

"ಪೀಕಿನವರು: ನೀಲವ್ವ."

"ಇನ್ನೊಮ್ಮೆ ಓದ್ರಿ."

"ಪೀಕಿನವರು: ನೀಲವ್ವ."

"ಹಿಂದ ನಿಂತವರಿಗೆ ಕೇಳಂಗಿಲ್ರಿ, ಜೋರಾಗಿ ಓದ್ರಿ."

ಮೂರನೆಯ ಸಲ ಗಂಟಲು ಬಿಟ್ಟು ಓದಿದೆ. ಗೋದಾಮಿನ ತಗಡಿಗೆ ತಾಗಿ ಹೆಸರು ದೊಡ್ಡದಾಗಿ ಕೇಳಿಸಿತು. ನೀಲವ್ವ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಬಸದೊಳಗೆ ಇಟ್ಟುಕೊಂಡಳು.

"ಹೂಂ, ಈಗ ಗಂಡು ಬೀಜ, ಹೆಣ್ಣು ಬೀಜ ಎರಡೂ ತೂಗಿ ಕೊಡ್ರಿ" ಅಂದಳು. "ಬಿಸಲೇರಾಕತ್ತೈತಿ, ನನಗ ಕೆಲಸ ಐತಿ."